ಮಾವನ ಫೋಟೋ ಸುತ್ತ ಒಂದು ಗೆರೆ

ಹೋದ ತಿಂಗಳು ನನ್ನ ಸೋದರಮಾವನನ್ನು ನಾನೇ ಸಾಯಿಸಿಬಿಟ್ಟೆ. ವರ್ಡ್ ಫೈಲಿನಲ್ಲಿ.

ಗಾಬರಿಯಾಗಬೇಡಿ. ಮಾವ ಗಟ್ಟಿಮುಟ್ಟಾಗಿದ್ದಾನೆ. ನೀವು ಇದನ್ನು ಓದುವ ಹೊತ್ತಿಗೆ ಬನಹಟ್ಟಿಯ ತನ್ನ ಮನೆಯ ಕಟ್ಟೆ ಮೇಲೆ ಕೂತು ಎರಡನೇ ಚಹಾಕ್ಕೆ ಕೂಗು ಹಾಕುತ್ತಿರುತ್ತಾನೆ. ಆದರೆ ಒಂದು ಮುಂಜಾನೆ, ಅರ್ಧ ತಾಸಿನ ಮಟ್ಟಿಗೆ, ಇಡೀ ಓಣಿ ಅವನನ್ನು ಕಳೆದುಕೊಂಡು ಕಣ್ಣೊರೆಸಿಕೊಂಡಿತು. ಕಾರಣ ಹಾರ್ಟ್ ಅಟ್ಯಾಕ್ ಅಲ್ಲ, ಆಕ್ಸಿಡೆಂಟೂ ಅಲ್ಲ. ಫೋಟೋ ಜರುಗಬಾರದು ಅಂತ ನಾನು ಮಾಡಿದ ಉಪಾಯ.

ನೀವು ಎಂದಾದರೂ ವರ್ಡ್ ಫೈಲಿನಲ್ಲಿ ಫೋಟೋ ಹಾಕಿ, ಅದರ ಕೆಳಗೆ ಹೆಸರು ಬರೆದಿದ್ದೀರಾ? ಬರೆದಿದ್ದರೆ ನಿಮಗೆ ಬಿ.ಪಿ. ಇದೆ. ಬರೆದಿಲ್ಲವೆಂದರೆ ನೀವು ಪುಣ್ಯವಂತರು, ಹಾಗೇ ಇರಿ.

ಸಂಗಪ್ಪ ಮಾವನ ವಿಷಯಕ್ಕೆ ಬರೋಣ. ಅವನದು ಮನೆಯಲ್ಲೇ ಎರಡು ಪವರ್‌ಲೂಮ್. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲಾ ಮಗ್ಗದ ಸದ್ದಿನಲ್ಲಿ. ಅವನ ಜೊತೆ ಫೋನಿನಲ್ಲಿ ಮಾತಾಡಿದರೆ ನಮ್ಮ ಗಂಟಲು ಹೋಗುತ್ತದೆ (ಅವನಿಗೆ ಏನೂ ಆಗುವುದಿಲ್ಲ). ಈ ಮಾವನಿಗೆ ಒಂದೇ ಒಂದು ಆಸೆ. ಸುತ್ತಲ ಊರುಗಳ ನೇಕಾರರ ಸೊಸೈಟಿಗೆ ನಿರ್ದೇಶಕನಾಗಬೇಕು.

ಅಧಿಕಾರದ ಆಸೆಯೇ? ಅಲ್ಲ. ನೂಲಿನ ದರ ಇಳಿಸುವ ಹಟವೇ? ಅದೂ ಪೂರ್ತಿ ಅಲ್ಲ. ಸೊಸೈಟಿಯ ಆಫೀಸಿನಲ್ಲಿ ಒಂದು ಗೋಡೆ ಇದೆ. ಅದರ ಮೇಲೆ ನಿರ್ದೇಶಕರಾದವರ ಫೋಟೋಗಳು ಸಾಲಾಗಿವೆ. ಪ್ರತಿ ಫೋಟೋದ ಕೆಳಗೆ ಹೆಸರು. ಬದುಕಿರುವವರ ಫೋಟೋಕ್ಕೆ ಮಾಲೆ ಇಲ್ಲ, ತೀರಿಕೊಂಡವರದ್ದಕ್ಕೆ ಮಾಲೆ. ನೂಲು ತರಲು ಹೋದಾಗಲೆಲ್ಲ ಮಾವ ಆ ಗೋಡೆ ನೋಡಿಕೊಂಡು ನಿಲ್ಲುತ್ತಿದ್ದ. ಎರಡು ಸಲ ಚುನಾವಣೆಗೆ ನಿಂತ. ಎರಡೂ ಸಲ ಈರಪ್ಪಣ್ಣನ ಎದುರು ಸೋತ. ಈರಪ್ಪಣ್ಣ ಅಂದರೆ ಅದೇ ಓಣಿಯ ತುದಿಗೆ ದೊಡ್ಡ ಶೆಡ್ಡು ಇಟ್ಟುಕೊಂಡ ದೊಡ್ಡ ಕುಳ. ಮಾತೂ ದೊಡ್ಡದು, ಮೀಸೆಯೂ ದೊಡ್ಡದು.

ಈ ಸಲ ಸೋತರೆ ಮತ್ತೆ ನಿಲ್ಲುವುದಿಲ್ಲ ಅಂತ ಮಾವ ಅತ್ತೆಯ ಮುಂದೆ ಹೇಳಿಬಿಟ್ಟಿದ್ದ. ನನ್ನ ಮುಂದೆ ಹೇಳಿದ್ದು ಬೇರೆ.

“ಮಾಲಿ ಬೀಳೂಕಿಂತ ಮೊದಲ ಆ ಗ್ವಾಡಿ ಮ್ಯಾಲ ಹೋಗಬೇಕಪಾ ನಾ. ಬರೇ ಹೆಣಾ ಆದಮ್ಯಾಲ ಫೋಟೋ ಆಗೂದರಾಗ ಏನ್ ಮಜಾ ಐತಿ?”

ಮಾವನ ಕಡೆ ಐದು ಜನರ ಪ್ಯಾನಲ್ ಆಯಿತು. ಹ್ಯಾಂಡ್‌ಬಿಲ್ ಬೇಕಲ್ಲ? ಬನಹಟ್ಟಿಯಲ್ಲಿ ಅವರಿಗೆ ಹತ್ತಿರದ ಡಿಟಿಪಿ ಅಂಗಡಿ ಈರಪ್ಪಣ್ಣನ ಅಳಿಯನದು. ಅಲ್ಲಿ ಕೊಟ್ಟರೆ ಹ್ಯಾಂಡ್‌ಬಿಲ್ ಹೊರಗೆ ಬರುವ ಮೊದಲೇ ಅದರ ವಿಷಯ ಹೊರಗೆ ಬರುತ್ತದೆ. ಹಾಗಾಗಿ ಮಾವ ಬಸ್ಸು ಹತ್ತಿ ಜಮಖಂಡಿಗೆ, ನನ್ನ ಮನೆಗೆ ಬಂದ. ನನ್ನ ಹತ್ತಿರ ಕಂಪ್ಯೂಟರ್ ಇದೆ, ಮೇಲಾಗಿ ನಾನು ಪೇಪರಿಗೆ ಬರೆಯುತ್ತೇನೆ. ಪೇಪರಿಗೆ ಬರೆಯುವವನಿಗೆ ಪೇಪರು ಮಾಡುವುದೂ ಬರುತ್ತದೆ ಅಂತ ನಮ್ಮ ನೆಂಟರೆಲ್ಲ ನಂಬಿದ್ದಾರೆ. ನಾನೂ ಆ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ.

ಉಳಿದ ನಾಲ್ವರು ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಟ್ಟಿದ್ದರು. ಮಾವ ತಂದದ್ದು ಮಗಳ ಮದುವೆಯ ಗ್ರೂಪ್ ಫೋಟೋ. ತಲೆಗೆ ಪಟಕಾ ಸುತ್ತಿಕೊಂಡ ಏಕೈಕ ಫೋಟೋ ಅದಂತೆ, ಪಟಕಾ ಇಲ್ಲದೆ ಅವನು ಗೋಡೆಗೂ ಹೋಗುವವನಲ್ಲ, ಹ್ಯಾಂಡ್‌ಬಿಲ್ಲಿಗೂ ಹೋಗುವವನಲ್ಲ. ಸರಿ, ಸುತ್ತಲಿದ್ದವರನ್ನೆಲ್ಲ ಕತ್ತರಿಸಿದೆ. ಪಕ್ಕದಲ್ಲಿ ನಿಂತ ಬೀಗರು ಮಾತ್ರ ಪೂರ್ತಿ ಹೋಗಲಿಲ್ಲ. ಅವರ ಕೈ ಮಾವನ ಹೆಗಲ ಮೇಲಿತ್ತು. ಕೈ ತೆಗೆದರೆ ಹೆಗಲೂ ಹೋಗುತ್ತಿತ್ತು. ಹೆಗಲಿಲ್ಲದ ಅಭ್ಯರ್ಥಿಗೆ ಯಾರು ಜವಾಬ್ದಾರಿ ಹೊರಿಸುತ್ತಾರೆ? ಕೈ ಹಾಗೇ ಉಳಿಯಿತು.

ನಾಲ್ವರು ಹೇಳಿದಲ್ಲಿ ಕೂತರು. ಹೆಸರೂ ಕೆಳಗೆ ಕೂತವು. ಐದನೆಯವನು ಸಂಗಪ್ಪ ಮಾವ.

ಎಂಟರ್ ಒತ್ತಿದೆ. ಮಾವ ಮುಂದಿನ ಪುಟಕ್ಕೆ ಜಿಗಿದ. ಅವನ ಹೆಸರು ಮಾತ್ರ ಹಿಂದಿನ ಪುಟದಲ್ಲೇ ಅನಾಥವಾಗಿ ನಿಂತಿತ್ತು. ಹೆಸರನ್ನು ಮುಂದಿನ ಪುಟಕ್ಕೆ ಒಯ್ದೆ. ಮಾವ ಹಿಂದಿನ ಪುಟಕ್ಕೆ ಬಂದ. ಫೋಟೋ ಸ್ವಲ್ಪ ಸಣ್ಣದು ಮಾಡಿದೆ. ಈಗ ಎಲ್ಲರೂ ಒಂದೇ ಪುಟದಲ್ಲಿದ್ದರು, ಆದರೆ ಮಾವನ ಹೆಸರು ಇನ್ನೊಬ್ಬ ಅಭ್ಯರ್ಥಿಯ ಫೋಟೋದ ಕೆಳಗೆ, ಆ ಅಭ್ಯರ್ಥಿ ಮಾವನ ಎಡಗಾಲಿನ ಕೆಳಗೆ.

ಮಾವ ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂತಿದ್ದ. ಸ್ವಲ್ಪ ಮ್ಯಾಲ, ಸ್ವಲ್ಪ ಬಲಕ್ಕ, ಆಂ ಹಂಗ, ಅಯ್ಯೋ ಹೋತಲ್ಲೋ ಅನ್ನುತ್ತಿದ್ದ. ಲಾರಿ ರಿವರ್ಸ್ ತೆಗೆಸುವ ಕ್ಲೀನರ್ ಕೂಡ ಇಷ್ಟು ಮಾತಾಡುವುದಿಲ್ಲ.

ಫೋಟೋ ಮೇಲೆ ಒತ್ತಿದರೆ ಒಂದು ಮೆನು ಬರುತ್ತದೆ. ಅಕ್ಷರಗಳು ಫೋಟೋದ ಸುತ್ತ ಹರಿಯಲಿ, ಫೋಟೋದ ಮುಂದೆ ಬರಲಿ, ಹಿಂದೆ ಹೋಗಲಿ, ಹೀಗೆ ಆರೇಳು ಥರ. ಒಂದೊಂದನ್ನೇ ಒತ್ತುತ್ತಾ ಹೋದೆ. ಒಂದು ಒತ್ತಿದಾಗ ‘ನಿಮ್ಮ ಅಮೂಲ್ಯ ಮತ’ ಅನ್ನುವುದು ಮಾವನ ಮೀಸೆ ಮೇಲೆ ಬಂದು ಕೂತಿತು. ಇನ್ನೊಂದು ಒತ್ತಿದಾಗ ಮಾವ ಅಕ್ಷರಗಳ ಹಿಂದೆ ಸರಿದು, ಜೈಲಿನ ಸರಳುಗಳ ಆಚೆ ನಿಂತವನಂತೆ ಇಣುಕಿದ. ಇನ್ನೊಂದು ಒತ್ತಿದೆ. ಮಾವ ಮಾಯ. ಎಲ್ಲಿ ಹೋದ? ದೇವರಾಣೆ ಗೊತ್ತಾಗಲಿಲ್ಲ. ಹೆಗಲ ಮೇಲಿನ ಕೈ ಸಮೇತ ಹೋಗಿದ್ದ.

ಇದಕ್ಕೆ ಕಾರಣ ಒಂದು ಪುಟ್ಟ ಲಂಗರು. ಫೋಟೋ ನೀವು ಇಟ್ಟ ಜಾಗಕ್ಕೆ ಕಟ್ಟಿರುವುದಿಲ್ಲ, ಯಾವುದೋ ಒಂದು ಪ್ಯಾರಾಕ್ಕೆ ಕಟ್ಟಿರುತ್ತದೆ. ಪ್ಯಾರಾ ಕೆಳಗಿಳಿದರೆ ಫೋಟೋ ಇಳಿಯುತ್ತದೆ. ಪ್ಯಾರಾ ಅಳಿಸಿದರೆ ಫೋಟೋವೂ ಹೋಗುತ್ತದೆ. ನಾನು ಅಳಿಸಿದ್ದ ಪ್ಯಾರಾಕ್ಕೇ ಮಾವನನ್ನು ಕಟ್ಟಿತ್ತು. ಇದನ್ನು ಅವನಿಗೆ ವಿವರಿಸಿದೆ. ಅವನು ಗಂಭೀರವಾಗಿ ತಲೆಯಾಡಿಸಿ, ಎಮ್ಮಿ ಎಲ್ಲೆ ಹೋದ್ರೂ ಗೂಟಾ ಹುಡುಕಬೇಕು ಅಂದಂಗಾತು ಅಂದ. ನಾನು ಗೂಟ ಹುಡುಕಲು ಹೋಗಲಿಲ್ಲ. ಅನ್‌ಡೂ ಒತ್ತಿದೆ, ಎಮ್ಮೆ ವಾಪಸ್ ಬಂತು.

ಕಡೆಗೆ ಬೀಳಗಿಯಲ್ಲಿರುವ ಗೆಳೆಯನಿಗೆ ಫೋನು ಮಾಡಿದೆ. ಅವನು ಆಫೀಸಿನ ವರದಿಗಳನ್ನು ಮಾಡಿ ಮಾಡಿ ಪಳಗಿದವನು. ಒಂದು ಖಾನೆಯ ಟೇಬಲ್ ಹಾಕು, ಅದರೊಳಗೆ ಫೋಟೋ ಇಡು, ಫೋಟೋದ ಕೆಳಗೆ ಹೆಸರು ಬರಿ, ಇನ್ನು ಇಬ್ಬರನ್ನೂ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ ಅಂದ. ಹಾಕಿದೆ. ಏನಾಶ್ಚರ್ಯ! ಎಂಟರ್ ಒತ್ತಿದರೂ ಮಾವ ಅಲುಗಾಡಲಿಲ್ಲ, ಹೆಸರೂ ಅಲುಗಾಡಲಿಲ್ಲ. ಇಬ್ಬರೂ ಬಸ್ಸಿನ ಸೀಟು ಹಿಡಿದವರ ಹಾಗೆ ಕೂತುಬಿಟ್ಟರು.

“ಡಬ್ಬಿಯೊಳಗ ಕುಂತ್ನಲ್ಲ, ಇನ್ನ ಎಲ್ಲಿ ಹೋಗ್ತೇನಿ,” ಅಂದ ಮಾವ. ಅವನ ಮುಖದಲ್ಲಿ ಆಗ ಅಂಥ ನೆಮ್ಮದಿ ಇತ್ತು.

ಟೇಬಲ್ ಸುತ್ತ ತೆಳ್ಳಗೆ ಒಂದು ಗೆರೆ ಕಾಣುತ್ತಿತ್ತು. ಪರದೆ ಮೇಲೆ ಕಾಣುವ ಆ ಗೆರೆ ಛಾಪಿನಲ್ಲಿ ಬರುವುದಿಲ್ಲ ಅಂತ ಯಾರೋ ಹೇಳಿದ್ದು ನನ್ನ ತಲೆಯಲ್ಲಿತ್ತು. ಸುಳ್ಳಲ್ಲ. ಛಾಪಿನಲ್ಲಿ ಬರದ ಗೆರೆ ಅಂತ ಒಂದು ಇದೆ. ಬರುವ ಗೆರೆ ಅಂತಲೂ ಒಂದು ಇದೆ. ಪರದೆ ಮೇಲೆ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ನನ್ನ ಹತ್ತಿರ ಪ್ರಿಂಟರ್ ಇಲ್ಲ. ಪೆನ್‌ಡ್ರೈವ್ ಒಯ್ದು ಪ್ರೆಸ್ಸಿಗೆ ಕೊಟ್ಟೆ, ಬಂಡಲ್ ನೇರ ಬನಹಟ್ಟಿಯ ಪೇಪರ್ ಏಜೆಂಟನಿಗೆ ಮುಟ್ಟುವಂತೆ ಬಸ್ಸಿಗೆ ಹಾಕಿ ಅಂದೆ, ಕೈ ತೊಳೆದುಕೊಂಡೆ.

ಪ್ರೆಸ್ಸಿನವನು ಒಳ್ಳೆಯ ಮನುಷ್ಯ. ಅದೇ ತೊಂದರೆಯಾದದ್ದು. ಆಮೇಲೆ ನಾನು ಜಗಳಕ್ಕೆ ಹೋದಾಗ ಅವನೇ ಹೆಮ್ಮೆಯಿಂದ ಹೇಳಿದ.

“ಗೆರಿ ಭಾಳ ತೆಳ್ಳಗ ಬಂದಿತ್ತರಿ ಸರ. ಛಾಪಿನ್ಯಾಗ ಕಾಣಂಗಿಲ್ಲಂತ ನಾನ ದಪ್ಪ ಮಾಡೀನಿ.”

ಒಂದೇ ಬಣ್ಣದ ಹ್ಯಾಂಡ್‌ಬಿಲ್. ಆ ಬಣ್ಣ ಕಪ್ಪು.

ಈಗ ನೀವೇ ಹೇಳಿ. ದಪ್ಪ ಕಪ್ಪು ಗೆರೆಯೊಳಗೆ ಪಟಕಾ ಸುತ್ತಿದ ಒಬ್ಬ ಹಿರಿಯರ ಫೋಟೋ. ಕೆಳಗೆ ಹೆಸರು. ಅದರ ಕೆಳಗೆ ಮಾವ ತಾನೇ ಹೇಳಿ ಬರೆಸಿದ ಸಾಲು: ‘ಸರಳ ಜೀವಿ, ಅಜಾತಶತ್ರು, ಸದಾ ನಗುಮುಖದವರು.’ ನೀವು ಏನಂತ ತಿಳಿಯುತ್ತೀರಿ? ಪೇಪರಿನ ಒಳಪುಟದಲ್ಲಿ ದಿನಾ ಇಂಥದ್ದನ್ನೇ ನೋಡುತ್ತೀರಲ್ಲ? (ಚುನಾವಣೆಗೆ ಬರೆಯುವ ಮಾತಿಗೂ ಶ್ರದ್ಧಾಂಜಲಿಗೆ ಬರೆಯುವ ಮಾತಿಗೂ ಒಂದಕ್ಷರದ ವ್ಯತ್ಯಾಸ ಇಲ್ಲ ಅನ್ನುವುದು ನನಗೆ ಗೊತ್ತಾದದ್ದೇ ಆವತ್ತು.) ಮೇಲೆ ‘ನಿಮ್ಮ ಮತ ನಮ್ಮ ಪ್ಯಾನಲ್‌ಗೆ’ ಅಂತ ದೊಡ್ಡದಾಗಿಯೇ ಇತ್ತು. ಆದರೆ ನಮ್ಮಲ್ಲಿ ಹ್ಯಾಂಡ್‌ಬಿಲ್ ಯಾರೂ ಓದುವುದಿಲ್ಲ, ನೋಡುತ್ತಾರೆ ಅಷ್ಟೆ. ನಾಲ್ವರು ಬಯಲಲ್ಲಿದ್ದಾರೆ, ಒಬ್ಬ ಡಬ್ಬಿಯಲ್ಲಿದ್ದಾನೆ. ಐವರಲ್ಲಿ ಒಬ್ಬ ಹೋದ, ಪಾಪ.

ಇನ್ನೂ ಒಂದು ಎಡವಟ್ಟು. ಮಾವ ಪ್ರಚಾರಕ್ಕೆಂದು ಚಿಮ್ಮಡಕ್ಕೆ ಹೋಗಿ ಅಲ್ಲೇ ನೆಂಟರ ಮನೆಯಲ್ಲಿ ಎರಡು ದಿನ ಉಳಿದಿದ್ದ. ವಾಪಸ್ ಬಂದದ್ದು ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಅವನು ಮನೆಯೊಳಗೆ ಗೊರಕೆ ಹೊಡೆಯುತ್ತಿದ್ದಾಗಲೇ, ಮುಂಜಾನೆಯ ಪೇಪರುಗಳ ನಡುವೆ ಸೇರಿಕೊಂಡು ಅವನ ಕಪ್ಪು ಡಬ್ಬಿ ಮನೆ ಮನೆ ತಲುಪಿತು. ಹೌದಲ್ಲ, ಎರಡ ದಿನಾ ಆತು ಕಂಡೇ ಇಲ್ಲ ಅಂತ ಜನ ಅಂದರು. ಹೆಗಲ ಮೇಲಿನ ಆ ಕೈ ನೋಡಿ ಎದುರು ಮನೆಯ ಅಜ್ಜಿಗೆ ಮೈ ಝುಂ ಅಂದಿತಂತೆ. ಕರೆಯಲು ಬಂದವನ ಕೈ ಫೋಟೋದಲ್ಲೂ ಬಿದ್ದಿದೆ ಅಂತ ಆಕೆ ತಿಳಿದದ್ದು.

ನೇಕಾರರ ಓಣಿಗಳಲ್ಲಿ ಒಂದು ರಿವಾಜು ಇದೆ. ಓಣಿಯಲ್ಲಿ ಒಬ್ಬರು ತೀರಿಕೊಂಡರೆ ಮಣ್ಣಾಗುವ ತನಕ ಮಗ್ಗ ನಿಲ್ಲಿಸುತ್ತಾರೆ. ಯಾರೂ ಹೇಳಬೇಕಾಗಿಲ್ಲ. ಆವತ್ತು ಮೊದಲು ನಿಂತದ್ದು ಯಾರ ಮಗ್ಗ ಗೊತ್ತೇ? ಈರಪ್ಪಣ್ಣನವು. ಚುನಾವಣೆ ಎದುರಿಗಿದೆ. ಎದುರಾಳಿ ಸತ್ತ ದಿನ ಈರಪ್ಪಣ್ಣನ ಮಗ್ಗ ನಡೆದಿದ್ದವು ಅಂತ ಮಾತು ಬರಬಾರದಲ್ಲ? ಅವನ ದೊಡ್ಡ ಶೆಡ್ಡು ಗಪ್ಪಾಯಿತು. ಅದರ ಹಿಂದೆ ಒಂದೊಂದೇ ಮನೆ ಗಪ್ಪಾಯಿತು. ಈರಪ್ಪಣ್ಣ ಒಂದು ಮಾಲೆ ತರಿಸಿ, ಹತ್ತಿಪ್ಪತ್ತು ಜನರನ್ನು ಕರಕೊಂಡು ಮಾವನ ಮನೆ ಕಡೆ ಹೊರಟ.

ಇಲ್ಲಿಂದ ಮುಂದಿನದು ಅತ್ತೆ ಹೇಳಿದ್ದು. (ಆಕೆ ಹೇಳುವಾಗ ನನ್ನನ್ನು ಬೈದ ಭಾಗವನ್ನು ಬಿಟ್ಟಿದ್ದೇನೆ. ಹಾಗಾಗಿ ಕತೆ ಅರ್ಧಕ್ಕರ್ಧ ಕಡಿಮೆಯಾಗಿದೆ.)

ಅತ್ತೆ ಪೇಪರು ನೋಡಿರಲಿಲ್ಲ. ಬಾಗಿಲ ಮುಂದೆ ನೀರು ಹಾಕುತ್ತಿದ್ದಳು. ಈರಪ್ಪಣ್ಣ ಕೈಯಲ್ಲಿ ಮಾಲೆ ಹಿಡಿದು, ಹಿಂದೆ ಜನ ಕಟ್ಟಿಕೊಂಡು ಬರುವುದು ಕಂಡಿತು. ಆಕೆಗೆ ಏನು ಅನ್ನಿಸಬೇಕು? ಎದುರಾಳಿಯೇ ಮಾಲೆ ತಂದಿದ್ದಾನೆ ಅಂದಮೇಲೆ ನಾಮಪತ್ರ ವಾಪಸ್ ತೆಗೆದುಕೊಂಡಿದ್ದಾನೆ, ಗಂಡ ಅವಿರೋಧವಾಗಿ ಆರಿಸಿ ಬಂದ! ಸೆರಗು ಸರಿಮಾಡಿಕೊಂಡು ನಗುನಗುತ್ತ ಎದುರು ಬಂದಳು.

“ಬರ್ರಿ ಅಣ್ಣಾರ. ಅವರು ಇನ್ನೂ ಮಲಗ್ಯಾರ. ಕುಂದ್ರಿ, ಎಬ್ಬಿಸಿಗೊಂಡ ಬರ್ತೇನಿ.”

ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ನಗುತ್ತಿದ್ದಾಳೆ, ಎಬ್ಬಿಸುತ್ತೇನೆ ಅನ್ನುತ್ತಿದ್ದಾಳೆ. ದುಃಖ ತಲೆಗೆ ಏರಿದೆ. ಹಿಂದಿದ್ದ ಹೆಂಗಸರು ಜೋರಾಗಿ ಅತ್ತರು. ಅತ್ತೆಗೆ ಅದೂ ಆನಂದಬಾಷ್ಪದ ಹಾಗೆ ಕಂಡಿತಂತೆ. ಅಷ್ಟು ಮಂದಿಗೆ ಚಹಾ ಮಾಡುವಷ್ಟು ಹಾಲಿಲ್ಲವಲ್ಲ ಅನ್ನುವುದೊಂದೇ ಆಕೆಯ ಚಿಂತೆ.

ಈರಪ್ಪಣ್ಣನ ಕಣ್ಣಲ್ಲಿ ನೀರು ಬಂತು. ನಾಟಕ ಅಲ್ಲ, ಖರೇನೇ ಬಂತು ಅಂತ ಅತ್ತೆ ಹೇಳುತ್ತಾಳೆ. ಎಷ್ಟಾದರೂ ಇಬ್ಬರೂ ಒಂದೇ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು.

“ಎಬ್ಬಿಸಬ್ಯಾಡ ತಂಗಿ, ಮಲಗ್ಲಿ ಬಿಡು. ಭಾಳ ದುಡದ ಜೀವ ಅದು,” ಅಂದ. ಆಮೇಲೆ ಓಣಿಯ ಜನರ ಕಡೆ ತಿರುಗಿದ. “ಸೊಸೈಟಿ ನೂಲು ಕಡೀತಾವ ಕಡೀತಾವ ಅಂತ ಒಬ್ಬಾಂವನ ಬಡಕೊಂಡ. ಖರೇನ ಹೇಳ್ತಿದ್ದ, ನಾವ ಕೇಳಲಿಲ್ಲ. ಎರಡ ಸಲ ನಾ ಗೆದ್ದೇನಿ. ಆದ್ರ ಆ ಕುರ್ಚಿ ನಂದಲ್ಲ, ಸಂಗಪ್ಪಂದು.”

ಒಳಗೆ ಏನಾಗಿತ್ತು? ಮಗ್ಗದ ಸದ್ದಿನಲ್ಲಿ ಹುಟ್ಟಿದ ಮನುಷ್ಯನಿಗೆ ಎಷ್ಟೇ ಗದ್ದಲವಿದ್ದರೂ ನಿದ್ದೆ ಬರುತ್ತದೆ. ಸದ್ದು ನಿಂತರೆ ಎಚ್ಚರವಾಗುತ್ತದೆ. ಮಾವ ಯಾವಾಗಲೋ ಎದ್ದಿದ್ದ. ಎದ್ದು ಬಾಗಿಲ ಹಿಂದೆ ನಿಂತಿದ್ದ. ಹೊರಗೆ ಬರಬಹುದಿತ್ತು. ಬರಲಿಲ್ಲ. ಈರಪ್ಪಣ್ಣ ತನ್ನನ್ನು ಹೊಗಳುವುದನ್ನು ಜೀವಮಾನದಲ್ಲಿ ಮೊದಲ ಸಲ ಕೇಳುತ್ತಿದ್ದ, ನಡುವೆ ಬಾಯಿ ಹಾಕುವಷ್ಟು ದಡ್ಡ ಅವನಲ್ಲ. ನೂಲಿನ ಮಾತು ಮುಗಿಯಿತು, ಕುರ್ಚಿಯ ಮಾತೂ ಮುಗಿಯಿತು. ಇನ್ನು ಹೊಸದೇನೂ ಬರುವುದಿಲ್ಲ ಅಂತ ಖಾತ್ರಿ ಆದಮೇಲೆ ಕಣ್ಣು ತಿಕ್ಕುತ್ತಾ ಹೊಸ್ತಿಲಿಗೆ ಬಂದ.

“ಕರೆಂಟ್ ಹೋಗೇತೇನ್ರಿ?”

ಎದುರು ಮನೆಯ ಅಜ್ಜಿ ಅಲ್ಲೇ ಕೂತುಬಿಟ್ಟಳು. ಯಾರೋ ಓಡಿದರು. ಈರಪ್ಪಣ್ಣನ ಕೈಯಲ್ಲಿ ಮಾಲೆ ಹಾಗೇ ಇತ್ತು. ಈಗ ಅದನ್ನು ಏನು ಮಾಡುವುದು? ಮನೆಗೆ ಒಯ್ಯುವ ಹಾಗಿಲ್ಲ, ನೆಲಕ್ಕಿಡುವ ಹಾಗಿಲ್ಲ. ದಿಕ್ಕು ತೋಚದೆ ಮಾವನ ಕೊರಳಿಗೇ ಹಾಕಿಬಿಟ್ಟ. ಅಷ್ಟರಲ್ಲಿ ಯಾರದೋ ಮೊಬೈಲು ಕ್ಲಿಕ್ ಅಂದಿತು.

ರಬಕವಿಯಿಂದ ಮಾವನ ತಂಗಿ ಆಟೋದಲ್ಲಿ ಅಳುತ್ತಾ ಬಂದಿಳಿದದ್ದು ಇದಾದ ಮೇಲೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆಂಟರು ಬುತ್ತಿ ತರುತ್ತಾರೆ. ಆಕೆಯೂ ರೊಟ್ಟಿ, ಝುಣಕ ಕಟ್ಟಿಕೊಂಡು ಬಂದಿದ್ದಳು. ಆ ಬುತ್ತಿಯನ್ನು ಮಾವನೇ ಉಂಡ. ನಾನು ನಡೆದದ್ದು ಕೇಳಿ ಮಧ್ಯಾಹ್ನ ಬನಹಟ್ಟಿಗೆ ಓಡಿಹೋದಾಗ ಕೊರಳಲ್ಲಿ ಮಾಲೆ, ಕೈಯಲ್ಲಿ ರೊಟ್ಟಿ ಹಿಡಿದು ಕೂತಿದ್ದ. ಬೈಯುತ್ತಾನೆ ಅಂತ ತಲೆ ತಗ್ಗಿಸಿ ನಿಂತೆ. ಝುಣಕ ಛಲೋ ಆಗೇತಿ, ನೀನೂ ಕುಂದರು ಅಂದ.

ಆದರೆ ಊಟವಾದ ಮೇಲೆ ಅವನ ಮುಖ ಸಣ್ಣದಾಯಿತು. ಸತ್ತವನು ಅಂತ ಸುದ್ದಿಯಾದ ಮನುಷ್ಯನಿಗೆ ಯಾರು ಓಟು ಹಾಕುತ್ತಾರೆ? ಚಿಮ್ಮಡದವರಿಗೆ, ರಬಕವಿಯವರಿಗೆ ಯಾರು ಹೋಗಿ ಹೇಳುತ್ತಾರೆ? ಮೂರನೇ ಸಲವೂ ಹೋಯಿತು ಅಂತ ಅವನು ಗೋಡೆ ಕಡೆ ನೋಡುತ್ತಾ ಕೂತ. ಅದು ಅವನ ಮನೆಯ ಖಾಲಿ ಗೋಡೆ. ಹೊಸ ಹ್ಯಾಂಡ್‌ಬಿಲ್ ಮಾಡಿಕೊಡುತ್ತೇನೆ ಅಂದೆ. ಮಾವ ಎರಡೂ ಕೈ ಮುಗಿದ.

ಹೊಸ ಹ್ಯಾಂಡ್‌ಬಿಲ್ ಬೇಕಾಗಲಿಲ್ಲ. ಆ ಮೊಬೈಲಿನ ಫೋಟೋ ಬ್ಲೂಟೂತಿನಲ್ಲಿ ಚಹಾದಂಗಡಿಯಿಂದ ಚಹಾದಂಗಡಿಗೆ, ಊರಿಂದ ಊರಿಗೆ ಹೋಯಿತು. ಈರಪ್ಪಣ್ಣ ಕಣ್ಣಲ್ಲಿ ನೀರು ತುಂಬಿಕೊಂಡು ಸಂಗಪ್ಪನಿಗೆ ಮಾಲೆ ಹಾಕುತ್ತಿದ್ದಾನೆ. ಕೆಳಗೆ ಹೆಸರಿಲ್ಲ, ವಿವರವಿಲ್ಲ, ಒಂದಕ್ಷರ ಇಲ್ಲ. ನೋಡಿದವರು ತಮಗೆ ಬೇಕಾದ ಕ್ಯಾಪ್ಶನ್ ತಾವೇ ಹಾಕಿಕೊಂಡರು. ಈರಪ್ಪಣ್ಣ ಸೋಲೊಪ್ಪಿದ ಅಂದರು ಕೆಲವರು. ಹಳೇ ಗೆಳೆಯನಿಗೆ ಸೀಟು ಬಿಟ್ಟುಕೊಟ್ಟ ಅಂದರು ಇನ್ನು ಕೆಲವರು. ನೂಲಿನ ಮಾತಂತೂ ಓಣಿಯೇ ಕೇಳಿತ್ತು. ಈರಪ್ಪಣ್ಣ ಪ್ರಚಾರಕ್ಕೆ ಹೋದಲ್ಲೆಲ್ಲ ಜನ ಒಂದೇ ಪ್ರಶ್ನೆ ಕೇಳಿದರಂತೆ: ಕುರ್ಚಿ ಸಂಗಪ್ಪಂದು ಅಂತ ನೀವ ಅಂದೀರಲ್ರಿ?

ಮಾವ ಗೆದ್ದ. ಎಣಿಕೆ ಮುಗಿದಾಗ ಈರಪ್ಪಣ್ಣ ನನ್ನ ಪಕ್ಕ ನಿಂತಿದ್ದ.

“ಸತ್ತಾಂವಗ ಬೈದ್ರ ಪಾಪ ಬರತೈತಿ ಅಂತಾರ್ರಿ,” ಅಂದ. “ಬದುಕಿದಾಂವಗ ಹೊಗಳಿದ್ರ ಏನ್ ಬರತೈತಿ ಅನ್ನೂದು ಈಗ ಗೊತ್ತಾತು.”

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿದಿಲ್ಲ.

ಈ ವಾರ ಸೊಸೈಟಿಯ ಗೋಡೆಗೆ ಮಾವನ ಫೋಟೋ ಹಾಕಿದರು. ಅದೇ ಪಟಕಾದ ಫೋಟೋ, ಅದೇ ಬೀಗರ ಕೈ. ಅಲ್ಲಿನ ಫೋಟೋಗಳಿಗೆಲ್ಲ ಕಪ್ಪು ಕಟ್ಟಿಗೆಯ ಚೌಕಟ್ಟು. ಮಾವನಿಗೂ ಒಂದು ಮಾಡಿಸಿ ತಂದಿದ್ದರು. ಅದನ್ನು ನೋಡಿದ್ದೇ ಮಾವ ಹಿಂದೆ ಸರಿದ.

“ಚೌಕಟ್ಟ ಬ್ಯಾಡ. ಒಮ್ಮೆ ಕುಂತ ನೋಡೀನಿ, ಸಾಕು.”

ಎಷ್ಟು ಹೇಳಿದರೂ ಕೇಳಲಿಲ್ಲ. ಕಡೆಗೆ ಬರೀ ಫೋಟೋವನ್ನು ಟೇಪಿನಿಂದ ಅಂಟಿಸಿದರು. ಕೆಳಗಿನ ಹೆಸರಿನ ಚೀಟಿಯನ್ನು ನೂಲಿಗೆ ಹಾಕುವ ಗಂಜಿಯಿಂದ ಅಂಟಿಸಿದರು. ಗಂಜಿ ಅಂದರೆ ಗಂಜಿ, ಇನ್ನು ಅದು ಜಪ್ಪಯ್ಯ ಅಂದರೂ ಬಿಡುವುದಿಲ್ಲ. ಮಾವ ತನ್ನ ಕುರ್ಚಿಯಲ್ಲಿ ಕೂತ. ಫ್ಯಾನು ಹಚ್ಚಿದರು. ಹೆಸರು ಇದ್ದಲ್ಲೇ ಇತ್ತು. ಫೋಟೋ ಹಾರಿಹೋಯಿತು.

ಹಾಳಾದ ಈ ಆಟವನ್ನು ನಾನು ಎಲ್ಲೋ ನೋಡಿದ್ದೇನಲ್ಲ?

ಸೋಮವಾರ ಫೋಟೋ ಕಪಾಟಿನ ಹಿಂದೆ ಸಿಕ್ಕಿತು. ಮಂಗಳವಾರ ನೂಲಿನ ಚೀಲದ ಕೆಳಗೆ. ಈಗ ಮಾವ ಫ್ಯಾನು ಹಚ್ಚಲು ಬಿಡುತ್ತಿಲ್ಲ. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು, ಫ್ಯಾನಿಲ್ಲದೆ ಬೆವರುತ್ತಾ, ಗೋಡೆ ಕಾಯುತ್ತಿದ್ದಾನೆ. ನೂಲಿಗೆ ಬಂದವರೂ ಬೆವರುತ್ತಿದ್ದಾರೆ. ಮೊನ್ನೆ ಈರಪ್ಪಣ್ಣ ಅಂಗಿಯ ಗುಂಡಿ ಬಿಚ್ಚಿಕೊಂಡು, ಒಂದ ಫ್ರೇಮ್ ಹಾಕಸೋ ಮಾರಾಯಾ, ಜೀವಾ ಹೋಗಾಕತ್ತೇತಿ ಅಂತ ಕೈ ಮುಗಿದನಂತೆ. ಮಾವ ಒಪ್ಪಿಲ್ಲ.

ನಿನ್ನೆ ನನಗೆ ಫೋನು ಮಾಡಿದ್ದ. ಮಗ್ಗದ ಸದ್ದಿನ ನಡುವೆ, ಸುತ್ತ ಗೆರೆ ಇಲ್ಲದೆ ಫೋಟೋ ಇದ್ದಲ್ಲೇ ನಿಲ್ಲುವ ಉಪಾಯ ಕಂಪ್ಯೂಟರಿನಲ್ಲಿ ಏನಾದರೂ ಇದೆಯಾ ಅಂತ ಕೂಗಿ ಕೇಳಿದ. ಇದೆ. ಟೇಬಲ್ ಹಾಗೇ ಇಟ್ಟು ಗೆರೆ ಮಾತ್ರ ತೆಗೆಯುವ ಗುಂಡಿ ಒಂದಿದೆ, ನನಗೂ ಈಗ ಗೊತ್ತಾಗಿದೆ. ಆದರೆ ಅದು ಪರದೆಯ ಮಾತಾಯಿತು, ಗೋಡೆಗೆ ಅಂಥ ಗುಂಡಿ ಎಲ್ಲಿಂದ ತರಲಿ? ಗೋಡೆ ಮೇಲೆ ಕದಲದೆ ಕೂರಬೇಕು ಅಂದರೆ ಚೌಕಟ್ಟಿನೊಳಗೆ ಹೋಗಲೇಬೇಕು.

ಅಷ್ಟು ಅವಸರ ಯಾರಿಗಿದೆ ಹೇಳಿ?